ಫಿರಂಗಿಯ ಬಾಯಿ

ಗೆದ್ದವರು ಫಿರಂಗಿಗೆ ಬಣ್ಣ ಬಳಿದಿದ್ದರು. ಪೋರ್ಟ್ ಕೆರಿಕ್‌ನ ಫುಟ್‌ಬಾಲ್ ತಂಡ ಎಷ್ಟೋ ವರ್ಷಗಳ ಮೇಲೆ ಶನಿವಾರ ಜಿಲ್ಲಾ ಕಪ್ ಗೆದ್ದಿತ್ತು. ಭಾನುವಾರ ಬೆಳಿಗ್ಗೆ ಅಲಿಸ್ಟರ್ ಟ್ರೆಗೆಂಜಾ ಸಮುದ್ರದ ದಂಡೆಗೆ ನಡೆದು ಬಂದಾಗ ಫಿರಂಗಿಯ ಅರ್ಧ ಮೈ ಹಳದಿ, ಅರ್ಧ ಮೈ ನೇರಳೆಯಾಗಿತ್ತು. ಬಣ್ಣ ಇನ್ನೂ ಒಣಗಿರಲಿಲ್ಲ. ಬಾಯಿಗೆ ಬಿಯರ್ ಡಬ್ಬಿಗಳನ್ನು ತುರುಕಿದ್ದರು. ಯಾರೋ ಒಬ್ಬ, ಬಹುಶಃ ಗೆಲುವಿನ ಗೋಲು ಹೊಡೆದವನೇ, ಅದರ ಬೆನ್ನ ಮೇಲೆ ವಾಂತಿ ಮಾಡಿದ್ದ. ಎರಡು ಕಡಲಹಕ್ಕಿಗಳು ಅದನ್ನು ಸಾವಧಾನವಾಗಿ ಹೆಕ್ಕಿ ತಿನ್ನುತ್ತಿದ್ದವು.

ಟ್ರೆಗೆಂಜಾ ಮನೆಗೆ ಹೋಗಿ ಬಕೆಟ್ಟು, ಬ್ರಷ್ಷು ತಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಳೆದ. ತೊಳೆಯುತ್ತಿರುವಾಗ ಬೀದಿಯಲ್ಲಿ ಹೋಗುವವರು ಕಾರಿನಿಂದ ಕೈ ಬೀಸಿದರು. ಅವನೂ ತಂಡದ ಅಭಿಮಾನಿ, ಫಿರಂಗಿಗೆ ಮೆರುಗು ಕೊಡುತ್ತಿದ್ದಾನೆ ಎಂದು ಅವರು ತಿಳಿದಿರಬೇಕು. ಅಂದು ಅವನಿಗೆ ಬಂದದ್ದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಆರಿ ಹೋಗುತ್ತಿತ್ತು. ಬಂದದ್ದು ಹೇಸಿಗೆ, ಆ ಊರಿನ ಒಟ್ಟು ಬದುಕಿನ ಮೇಲೆ.

ಮೂವತ್ತು ವರ್ಷ ಅವನು ಇದೇ ಊರಿನ ಹೈಸ್ಕೂಲಿನಲ್ಲಿ ಮರಗೆಲಸ, ಲೋಹದ ಕೆಲಸ ಕಲಿಸಿದ್ದ. ರಜೆಯಲ್ಲಿ ಫೈಬರಿನ ದೋಣಿ ಕಟ್ಟುತ್ತಿದ್ದ. ಹೆಂಡತಿ ಅಡಿಲೇಡಿಗೆ ಹೋಗಿ ಬೇರೆ ಸಂಸಾರ ಹೂಡಿದ ಮೇಲೆ ಫಿರಂಗಿಗಳ ಹುಚ್ಚು ಹತ್ತಿತು. ದಂಡೆಯ ಮೇಲಿನ ಈ ಗಿಡ್ಡ, ದಪ್ಪ ಕಬ್ಬಿಣದ ಫಿರಂಗಿ ಯಾವುದೋ ಗೋಧಿ ಹಡಗಿನವರು ಬಿಟ್ಟುಹೋದದ್ದು ಎಂದು ಊರು ನಂಬಿತ್ತು. ಒಂದು ಚಳಿಗಾಲದಲ್ಲಿ ಟ್ರೆಗೆಂಜಾ ಅದರ ಪಕ್ಕಕ್ಕೆ ಚಾಚಿದ ಎರಡು ಗಿಡ್ಡ ತೋಳುಗಳ ತುದಿಯಿಂದ ಪದರ ಪದರವಾಗಿ ಹಳೇ ಬಣ್ಣ ಕೆರೆದ. ಒಂದರಲ್ಲಿ ಎರಕ ಹೊಯ್ದವರ ಮುದ್ರೆ ಸಿಕ್ಕಿತು, ಇನ್ನೊಂದರಲ್ಲಿ ಸಂಖ್ಯೆ. ಬೆನ್ನಿನ ಮೇಲೆ, ತುಕ್ಕಿನ ಕೆಳಗೆ, ಅರಸನ ನೌಕಾಪಡೆಯ ಬಾಣದ ಗುರುತು. ಅದರ ಹಿಂದಿನ ಸಂಖ್ಯೆಯ ಫಿರಂಗಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಅದು ಹೋಬಾರ್ಟಿನ ಒಂದು ಮ್ಯೂಸಿಯಮ್ಮಿನಲ್ಲಿತ್ತು. ಇಡೀ ಕರಾವಳಿಯ ನಕ್ಷೆ ಬರೆಯಲು ಬಂದು ಈ ಕೊಲ್ಲಿಯಲ್ಲೇ ಒಡೆದು ಮುಳುಗಿದ 'ಹೆಸ್ಟರ್ ವೇನ್' ಹಡಗಿನ ಫಿರಂಗಿ ಅದು. ಅಂದರೆ ಇದು ಅದರ ಬೆನ್ನಿಗೇ ಹುಟ್ಟಿದ ತಮ್ಮ.

ಅವನು ಹೋಬಾರ್ಟಿಗೆ ಹೋಗಿ ಅಣ್ಣನನ್ನು ನೋಡಿ ಬಂದಿದ್ದ. ತಂಪಾದ ಕೋಣೆ, ಮೇಲಿನಿಂದ ಬೀಳುವ ಮೆತ್ತನೆಯ ಬೆಳಕು, ಸುತ್ತ ಕೆಂಪು ಹಗ್ಗ. ಜನ ಅಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಟ್ರೆಗೆಂಜಾ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, ಕಣ್ಣು ಒದ್ದೆಯಾದದ್ದನ್ನು ಕಾವಲಿನವಳಿಂದ ಮರೆಮಾಡಲು ಕನ್ನಡಕ ಒರೆಸಿಕೊಂಡಿದ್ದ. ಇಲ್ಲಿ ತಮ್ಮನನ್ನು, ಮಕ್ಕಳ ಆಟದ ಜಾಗ ದೊಡ್ಡದು ಮಾಡುವಾಗ, ಸಾರ್ವಜನಿಕ ಶೌಚಾಲಯದ ಗೋಡೆಗೆ ಒತ್ತಿ ಇಟ್ಟಿದ್ದರು. ಕಾಯುವ ಗಂಡಸರು ಅದಕ್ಕೆ ಒರಗಿ ನಿಲ್ಲುತ್ತಿದ್ದರು. ಮಕ್ಕಳು ಐಸ್‌ಕ್ರೀಮಿನ ಕೈ ಒರೆಸುತ್ತಿದ್ದರು. ಜೆಟ್ಟಿಯಲ್ಲಿ ಗಾಳ ಹಾಕುವವರು ಎರೆಗೆ ತಂದು ಉಳಿದ ಸ್ಕ್ವಿಡ್ಡನ್ನು ಅದರ ಬಾಯಿಗೆ ತುರುಕಿ ಹೋಗುತ್ತಿದ್ದಿರಬೇಕು. ಬೇಸಿಗೆಯಲ್ಲಿ ಆ ಬಾಯಿಯಿಂದ ಹೊಮ್ಮುವ ನಾತಕ್ಕೆ ಅವನು ದೂರದಿಂದಲೇ ಸುತ್ತಿಕೊಂಡು ಹೋಗುತ್ತಿದ್ದ.

ಫಿರಂಗಿಯ ಗುರುತು ಹತ್ತಿದ್ದನ್ನು ಅವನು ಊರಿಗೆ ಹೇಳದೆ ಇರಲಿಲ್ಲ. ಲೈಬ್ರರಿಯಲ್ಲಿ ಭಾಷಣ ಇಟ್ಟುಕೊಂಡ. ಮೂವರು ಬಂದರು, ಅದರಲ್ಲಿ ಒಬ್ಬ ಏಸಿಯ ಆಸೆಗೆ ಬಂದವನು, ಮೊದಲ ಚಿತ್ರಕ್ಕೇ ನಿದ್ದೆ ಹೋದ. ಕೊನೆಗೆ ಮೇಯರ್ ಡೀನ್ ಬಾಟ್ರಲ್ ಕೈ ಕುಲುಕಿದ. ಅವನು ಟ್ರೆಗೆಂಜಾನ ಹಳೆಯ ವಿದ್ಯಾರ್ಥಿ, ಶಾಲೆಯಲ್ಲಿ ಒಂದು ಸ್ಟೂಲನ್ನೂ ನೆಟ್ಟಗೆ ಮಾಡಿದವನಲ್ಲ.

"ತುಂಬ ಚೆನ್ನಾಗಿತ್ತು ಸಾರ್," ಅಂದ ಡೀನ್. "ಆದ್ರೆ ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಜನಕ್ಕೆ ಬೇಕಾಗಿರೋದು ಮಕ್ಕಳನ್ನ ಮೇಲೆ ಕೂರಿಸಿ ಫೋಟೋ ತೆಗೆಯೋಕೆ ಒಂದು ಫಿರಂಗಿ. ಅದು ಯಾವುದಾದ್ರೇನು."

ಅದು ಯಾವುದಾದರೇನು. ವಾಂತಿ ತೊಳೆದ ಆ ಭಾನುವಾರ ಈ ಮಾತು ಅವನಿಗೆ ಮತ್ತೆ ನೆನಪಾಯಿತು, ಮತ್ತು ಅದರಲ್ಲಿ ಅಪ್ಪಣೆಯ ಧ್ವನಿ ಕೇಳಿಸಿತು. ಊರಿಗೆ ಬೇಕಾದ್ದು ಕೂರಲು ಒಂದು ವಸ್ತು. ಅದನ್ನು ಅವನು ಕೊಡಬಲ್ಲ. ಇದರಲ್ಲಿ ಕಳೆದುಕೊಳ್ಳುವವರು ಯಾರು? ಕಳ್ಳ ಎನ್ನುವವನು ಇನ್ನೊಬ್ಬರಿಗೆ ಬೇಕಾದ್ದನ್ನು ಒಯ್ಯುತ್ತಾನೆ. ಅವನು ಮಾಡಲು ಹೊರಟಿದ್ದು ಕಸದ ಗುಂಡಿಯಿಂದ ಮಗುವನ್ನು ಎತ್ತಿಕೊಳ್ಳುವ ಕೆಲಸ.

ಯೋಜನೆಯ ಸೊಗಸು ಎಂದರೆ ಅದರಲ್ಲಿ ಕದ್ದು ಮಾಡುವುದು ಏನೂ ಇರಲಿಲ್ಲ. ಉಪ್ಪುಗಾಳಿಗೆ ನಿಂತ ಕಬ್ಬಿಣದೊಳಗೆ ಉಪ್ಪು ಇಳಿಯುತ್ತದೆ, ಒಳಗಿನಿಂದ ತಿನ್ನುತ್ತದೆ, ಒಂದು ದಿನ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸಣ್ಣಗೆ ಕರೆಂಟು ಹಾಯಿಸಿದರೆ ಉಪ್ಪು ಹೊರಗೆ ಬರುತ್ತದೆ; ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದೆಲ್ಲ ಅಕ್ಷರಶಃ ನಿಜ. ಕೌನ್ಸಿಲಿನ ಸಭೆಯಲ್ಲಿ ಅವನು ಎದ್ದು ನಿಂತು, ಈ ಕೆಲಸವನ್ನು ತನ್ನ ಶೆಡ್ಡಿನಲ್ಲಿ, ತನ್ನ ಖರ್ಚಿನಲ್ಲಿ ಮಾಡಿಕೊಡುತ್ತೇನೆ ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಕದಿಯುವ ಮೊದಲೇ ಚಪ್ಪಾಳೆ ಗಿಟ್ಟಿಸಿದ ಕಳ್ಳ ಲೋಕದಲ್ಲಿ ತಾನೊಬ್ಬನೇ ಇರಬಹುದು ಎಂದುಕೊಂಡು ಅವನು ತಲೆ ತಗ್ಗಿಸಿದ. ಅದು ವಿನಯವೆಂದು ಎಲ್ಲರಿಗೂ ಕಂಡಿತು.

ಮರುವಾರ ಕೌನ್ಸಿಲಿನ ಕ್ರೇನ್ ಲಾರಿ ಬಂತು. ಓಡಿಸುವವನು ಗ್ಲೆನ್, ಅವನೂ ಹಳೆಯ ವಿದ್ಯಾರ್ಥಿ. ಎತ್ತುವಾಗ ಕ್ರೇನಿನ ಪುಟ್ಟ ಪರದೆಯಲ್ಲಿ ತೂಕ ಮೂಡುತ್ತದೆ ಎಂಬುದನ್ನು ಟ್ರೆಗೆಂಜಾ ಗಮನಿಸಿದ, ಅಂಕಿಯನ್ನು ಮನಸ್ಸಿಗೆ ಹಾಕಿಕೊಂಡ. ದಡ್ಡ ಕಳ್ಳನಾಗಿದ್ದರೆ ರೂಪವನ್ನಷ್ಟೇ ನೋಡುತ್ತಿದ್ದ. ಲಾರಿ ಹೋದೊಡನೆ ಅವನು ಮಾಡಿದ ಮೊದಲ ಕೆಲಸ, ಫಿರಂಗಿಯ ಬಾಯಿಗೆ ಚಿಂದಿ ತುರುಕಿ, ಅದರ ಮೇಲೆ ಪ್ಲಾಸ್ಟಿಕ್ಕು ಸುತ್ತಿ ಟೇಪು ಬಿಗಿದದ್ದು. ಕೊಳೆತ ಸ್ಕ್ವಿಡ್ಡಿನ ಹಿಂದೆ ಮಗುವಿನ ಡೈಪರಿನ ಮಡಿಕೆ ಇಣುಕುತ್ತಿತ್ತು. ಅವನು ಹೊರಗೆ ಓಡಿ, ನಿಂಬೆಗಿಡದ ಬುಡದಲ್ಲಿ ಬಗ್ಗಿ ನಿಂತು ಉಸಿರೆಳೆದುಕೊಂಡ. ಒಳಗಿನದನ್ನು ಕೊನೆಗೆ ನೋಡಿಕೊಂಡರಾಯಿತು. ಅಳತೆಗೆ ಬಾಯಿಯ ಅಗಲ ಸಾಕು, ಫಿರಂಗಿಯ ಜಾತಿ ಹೇಳುವುದು ಅದೇ.

ಅಚ್ಚು ತೆಗೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ರಬ್ಬರಿನ ದ್ರವ ಬಳಿದು, ಒಣಗಿಸಿ, ಮೇಲೆ ಫೈಬರಿನ ಕವಚ ಕಟ್ಟಿದ. ಸುಲಿದಾಗ ಎರಡು ಶತಮಾನದ ಒಂದೊಂದು ಗುಳಿ, ಒಂದೊಂದು ಗೀರು ಒಳಮೈಯಲ್ಲಿ ಮೂಡಿತ್ತು. ಊರಿನ ಪ್ರೇಮಿಗಳು ಚಾಕುವಿನಲ್ಲಿ ಕೊರೆದ ಹೆಸರುಗಳೂ ಇದ್ದವು. ಅವನ್ನು ಅಳಿಸಬಹುದಿತ್ತು, ಅಳಿಸಲಿಲ್ಲ. ಜನ ಮೊದಲು ಹುಡುಕುವುದು ತಮ್ಮ ಹೆಸರನ್ನೇ. ನಕಲಿನ ಚರ್ಮಕ್ಕೆ ರಾಳದ ಜತೆ ಕಬ್ಬಿಣದ ಪುಡಿ ಬೆರೆಸಿದ. ಮುಟ್ಟಿದರೆ ತಣ್ಣಗಿರುತ್ತದೆ, ಅಯಸ್ಕಾಂತ ಅಂಟುತ್ತದೆ, ಬಣ್ಣ ಎದ್ದ ಕಡೆ ಮುಂದೆ ನಿಜವಾದ ತುಕ್ಕೂ ಬರುತ್ತದೆ.

ತೊಡಕು ತೂಕದಲ್ಲಿತ್ತು. ಎರಕದ ಕಬ್ಬಿಣಕ್ಕೆ ಸಮನಾಗಲು ಒಡಲಿಗೆ ಕಬ್ಬಿಣದ ಚೂರು, ಸೀಸ, ಸಿಮೆಂಟು ಎಲ್ಲ ಗಿಡಿದರೂ ಸಾಲದಾಯಿತು. ಪರಿಹಾರ ಹೊಳೆದಾಗ ಅವನು ಒಬ್ಬನೇ ನಕ್ಕ. ನಳಿಗೆ ಪೂರ್ತಿ ಆಳಕ್ಕೆ ಟೊಳ್ಳಾಗಿ ಯಾಕಿರಬೇಕು? ಮೊಣಕೈವರೆಗಿನ ಆಳ ಕತ್ತಲೆಗೆ ಸಾಕು. ಉಳಿದ ಜಾಗಕ್ಕೆ ಸೀಸ ಸುರಿದರೆ ತಕ್ಕಡಿ ಸರಿಹೋಗುತ್ತದೆ. ಇನ್ನು ಮುಂದೆ ಯಾರೂ ಕಸ ಹಾಕದಂತೆ ಬಾಯಿಗೆ ಒಂದು ಚೆಂದದ ಮರದ ಬಿರಡೆ ಮಾಡಿಕೊಡುತ್ತೇನೆ ಎಂದು ಮೇಯರಿಗೆ ಹೇಳಿದ. ಹಡಗುಗಳಲ್ಲಿ ಹಾಗೆ ಮಾಡುತ್ತಿದ್ದುದು ಚರಿತ್ರೆಯೇ. ಮೇಯರ್ ಮತ್ತೊಮ್ಮೆ ಧನ್ಯವಾದ ಹೇಳಿದ.

ಶೆಡ್ಡಿನ ಮುಂಭಾಗದಲ್ಲಿ, ಬಂದವರಿಗೆ ಕಾಣುವಂತೆ, ಸೋಡಾ ನೀರಿನ ತೊಟ್ಟಿ ಗುಳುಗುಳು ಎನ್ನುತ್ತಿತ್ತು. ಕಂದು ನೀರಿನ ಅಡಿಯಲ್ಲಿದ್ದುದು ಹಳೆಯ ಚರಂಡಿ ಪೈಪಿನ ತುಂಡು. ಬಂದವರು ಗುಳ್ಳೆ ನೋಡಿ ತಲೆದೂಗಿ ಹೋಗುತ್ತಿದ್ದರು. ಅಸಲನ್ನು ಅಷ್ಟರಲ್ಲಾಗಲೇ ಅವನು ಸರಪಳಿ ಕಪ್ಪಿಯಲ್ಲಿ ಇಳಿಸಿ, ಕಬ್ಬಿಣದ ಕೊಳವೆಗಳ ಮೇಲೆ ಉರುಳಿಸಿಕೊಂಡು ಮನೆಯ ಹಿಂಗೋಣೆಗೆ ಸೇರಿಸಿದ್ದ.

ಆ ತೊಟ್ಟಿ ನೋಡಲು ಬಂದವರಲ್ಲಿ ಮರ್ಲ್ ಪೆಂಗೆಲಿಯೂ ಒಬ್ಬಳು. ಎಂಬತ್ತು ದಾಟಿದ ಮುದುಕಿ, ಏಡಿ ಹಿಡಿಯುತ್ತಿದ್ದ ಕ್ಲಾರಿಯ ವಿಧವೆ, ಶಾಲೆಯ ಕ್ಯಾಂಟೀನಿನಲ್ಲಿ ಬದುಕೆಲ್ಲ ಪೇಸ್ಟಿ ಎಂಬ ಮಾಂಸದ ಕಡುಬು ಬಿಸಿ ಮಾಡಿದವಳು. ಟ್ರೆಗೆಂಜಾನ ಹೇಸಿಗೆಗೆ ಒಂದು ಮುಖ ಇದ್ದರೆ ಅದು ಇವಳದ್ದು. ದಿನಾ ಬೆಳಿಗ್ಗೆ ಕೆನೆ ತುಂಬಿದ ಬನ್ನು ಕೊಂಡು ಬಂದು ಫಿರಂಗಿಗೆ ಒರಗಿ ಕೂತು ತಿನ್ನುವಳು, ಸಕ್ಕರೆ ಅಂಟಿದ ಬೆರಳು ನೆಕ್ಕಿಕೊಂಡು ಅದೇ ಕೈಯಲ್ಲಿ ಅದರ ಬೆನ್ನು ತಟ್ಟುವಳು. ಹಲ್ಲಿನ ಸೆಟ್ಟು ಸಡಿಲಾದರೆ ತೆಗೆದು ಅದರ ಮೇಲೇ ಇಡುವಳು. ಈಗಲೂ ಕಾಗದದ ಚೀಲದಲ್ಲಿ ಎರಡು ಬನ್ನು ತಂದಿದ್ದಳು.

"ತಗೋಪ್ಪ, ತಿನ್ನು. ಸೊರಗಿ ಹೋಗಿದೀಯ," ಅಂದಳು. ಆಮೇಲೆ ತೊಟ್ಟಿಗೆ ಬಗ್ಗಿ ನೋಡಿದಳು. "ಇದರೊಳಗಿದ್ಯಾ? ಪೂರ್ತಿ ಮುಳುಗಿಸಿದೀಯಾ?"

ಹೌದು ಎಂದ.

"ಒಳಗೆಲ್ಲ ಒದ್ದೆ ಆಗಲ್ವೇನೋ?"

"ಸಮುದ್ರದ ಮೇಲಿದ್ದ ಫಿರಂಗಿ, ಮರ್ಲ್. ಅದಕ್ಕೆ ನೆಗಡಿ ಆಗಲ್ಲ."

ಅವಳು ನಗಲಿಲ್ಲ. ಯಾವತ್ತು ವಾಪಸ್ಸು ತರುತ್ತೀ ಎಂದು ಮಾತ್ರ ಕೇಳಿದಳು. ಅದಿಲ್ಲದೆ ಬೆಳಿಗ್ಗೆ ಎಲ್ಲಿ ಕೂರಬೇಕೋ ತಿಳಿಯುವುದಿಲ್ಲ ಎಂದಳು. ಹೋಗುವಾಗ ತೊಟ್ಟಿಯ ಅಂಚನ್ನು ಎರಡು ಸಲ ತಟ್ಟಿದಳು. ಚರಂಡಿ ಪೈಪಿಗೆ ಸಮಾಧಾನ ಹೇಳುತ್ತಿದ್ದಾಳೆ ಎಂದುಕೊಂಡ ಟ್ರೆಗೆಂಜಾ. ಅವಳು ಮರೆಯಾದ ಮೇಲೆ ಬನ್ನನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿ, ಅಂಚನ್ನು ಫಿನೈಲು ಬಟ್ಟೆಯಿಂದ ಒರೆಸಿದ.

ಹಿಂಗೋಣೆ ಒಂದು ಕಾಲಕ್ಕೆ ಹೆಂಡತಿ ಬಟ್ಟೆ ಹೊಲಿಯುತ್ತಿದ್ದ ಜಾಗ. ಅಲ್ಲಿ ಅವನು ಗಟ್ಟಿ ಮರದಲ್ಲಿ ಆ ಕಾಲದ ನಮೂನೆಯಂತೆಯೇ ಪೀಠ ಕಟ್ಟಿದ. ಅಸಲಿನ ಮೈಯಿಂದ ಹಳದಿ, ನೇರಳೆ, ಅದರ ಕೆಳಗಿನ ಹಸಿರು, ಅದರ ಕೆಳಗಿನ ಬೆಳ್ಳಿ ಬಣ್ಣ ಎಲ್ಲವನ್ನೂ ಸುಲಿದ. ಕರಿ ಕಬ್ಬಿಣ ಹೊರಬಂತು. ಮೇಣ ತಿಕ್ಕಿದ. ಮೇಲಿನಿಂದ ಬೀಳುವ ಮೆತ್ತನೆಯ ಒಂದು ದೀಪ ಹಾಕಿದ. ಬಾಯಿಯ ಮೇಲಿನ ಪ್ಲಾಸ್ಟಿಕ್ಕು ಮಾತ್ರ ಹಾಗೇ ಇತ್ತು. ಸಮಾರಂಭ ಮುಗಿಯಲಿ, ಉದ್ದನೆಯ ಕೊಕ್ಕೆ, ಕೈಗವಸು, ಮುಖಕ್ಕೆ ಮಾಸ್ಕು ತರಿಸಿ ಒಂದೇ ಸಲ ಮುಗಿಸಿಬಿಡುವುದು ಎಂದು ಮುಂದೂಡುತ್ತಿದ್ದ. ಊಟವಾದ ಮೇಲೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಯಾರೂ ಕಿರುಚುತ್ತಿರಲಿಲ್ಲ, ಯಾರೂ ಅದರ ಮೇಲೆ ಕಾಲು ಹಾಕುತ್ತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಮನೆಯಲ್ಲಿ ಇನ್ನೊಂದು ಜೀವ ಇದ್ದಂತೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ತಾನೂ ಅಲ್ಲಿ ಪಿಸುಮಾತಿನಲ್ಲಿ ಮಾತಾಡುತ್ತಿರುವುದು ಅವನ ಗಮನಕ್ಕೆ ಬರುತ್ತಿತ್ತು.

ವಸಂತದ ಒಂದು ಶನಿವಾರ ಫಿರಂಗಿಯ ಪುನರಾಗಮನ ನಿಗದಿಯಾಯಿತು. ಗ್ಲೆನ್ ನಕಲನ್ನು ಎತ್ತಿದ, ಪರದೆ ನೋಡಿದ, ಹುಬ್ಬು ಗಂಟಿಕ್ಕಿದ.

"ಸಾರ್, ಹೋದಾಗ ಇದ್ದಿದ್ದಕ್ಕಿಂತ ಸ್ವಲ್ಪ ಹಗುರ ಆಗಿದೆ."

"ತುಕ್ಕು ಹೋಗಿದೆಯಲ್ಲಪ್ಪ," ಅಂದ ಟ್ರೆಗೆಂಜಾ.

"ಅರೆ, ಹೌದಲ್ಲ."

ಆ ಸ್ವಲ್ಪವನ್ನು ಅವನು ಬೇಕೆಂದೇ ಕಡಿಮೆ ಮಾಡಿದ್ದ. ಸರಿಸಮ ತೂಕವಿದ್ದಿದ್ದರೆ ತಿಳಿದವರು ಯಾರಾದರೂ, ಹಾಗಾದರೆ ತುಕ್ಕು ಎಲ್ಲಿ ಹೋಯಿತು ಎಂದು ಕೇಳಬಹುದಿತ್ತು. ಲಾರಿಯ ಹಿಂದೆ ತನ್ನ ಕಾರು ಓಡಿಸುತ್ತ ಅವನು ಮನಸ್ಸಿನಲ್ಲೇ ಮತ್ತೊಮ್ಮೆ ಎಲ್ಲವನ್ನೂ ಸುತ್ತಿ ಬಂದ: ರೂಪ, ಮುದ್ರೆ, ತಂಪು, ತೂಕ. ಒಂದೂ ಬಿರುಕು ಕಾಣಲಿಲ್ಲ.

ದಂಡೆಯಲ್ಲಿ ಊರೇ ಸೇರಿತ್ತು. ಸಾಸೇಜು ಹುರಿಯುವ ಎಣ್ಣೆಯ ಹೊಗೆ ಪೈನ್ ಮರಗಳ ನಡುವೆ ನೇತಾಡುತ್ತಿತ್ತು. ಟೊಮೇಟೊ ಸಾಸು ಮೆತ್ತಿದ ಬಾಯಿಗಳು, ಮರಳು ಅಂಟಿದ ಕಾಲುಗಳು, ಶಾಲೆಯ ಬ್ಯಾಂಡಿನ ಅಪಸ್ವರ. ಫಿರಂಗಿ ಪೀಠದ ಮೇಲೆ ಕೂತೊಡನೆ ಒಬ್ಬ ದಢೂತಿ ಗಂಡಸು ತನ್ನ ಮಗುವನ್ನು ಅದರ ಮೇಲೆ ಕೂರಿಸಿದ, ಮಗು ಕೈಯಲ್ಲಿದ್ದ ಸಾಸೇಜನ್ನು ಅದರ ಬೆನ್ನಿಗೆ ತಿಕ್ಕಿತು. ಮೊದಲಾಗಿದ್ದರೆ ಟ್ರೆಗೆಂಜಾ ಬಕೆಟ್ಟು ತರಲು ಓಡುತ್ತಿದ್ದ. ಇಂದು ಅವನಿಗೆ ತಡೆಯಲಾರದಷ್ಟು ನಗು ಬಂತು. ತಿಕ್ಕು ಮಗೂ, ಚೆನ್ನಾಗಿ ತಿಕ್ಕು.

ಡೀನ್ ಬಾಟ್ರಲ್ ಮಾತಾಡಿದ. ಶಾಲೆಯಲ್ಲಿ ತನ್ನ ಸ್ಟೂಲು ಕುಂಟುತ್ತಿದ್ದುದನ್ನು ಹೇಳಿ ನಗಿಸಿದ. ತಮ್ಮ ಮೇಷ್ಟ್ರು ಊರಿನ ಆಸ್ತಿಯನ್ನು ಉಳಿಸಿಕೊಟ್ಟರು ಎಂದ. ಬಿರಡೆಯನ್ನು ಊರಿನ ಹಿರಿಯಳಾದ ಮರ್ಲ್ ಹಾಕುತ್ತಾಳೆ ಎಂದು ಸಾರಿದ. ಮುಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ ಅವಳು ಬಿರಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಂತರ ಮೈಕು ಟ್ರೆಗೆಂಜಾನ ಕೈಗೆ ಬಂತು. ಎರಡೇ ಮಾತು ಹೇಳಿ ಮುಗಿಸಬೇಕೆಂದಿದ್ದ. ಆದರೆ ಎದುರಿಗಿದ್ದ ಮುಖಗಳನ್ನು ನೋಡಿ, ಅವಕ್ಕೆ ಒಂದು ಸಲವಾದರೂ ನಾಚಿಕೆಯಾಗಲಿ ಅನ್ನಿಸಿತು.

"ಹೊರಗಿನದು ಸುಲಭ," ಅಂದ. "ಕಷ್ಟ ಇದ್ದದ್ದು ಒಳಗೆ. ಈ ಊರು ವರ್ಷಗಟ್ಟಲೆ ಇದರ ಬಾಯಿಗೆ ಏನೇನು ತುಂಬಿದೆ ಅಂತ ಇಲ್ಲಿ ಮಕ್ಕಳ ಮುಂದೆ ಹೇಳೋಕಾಗಲ್ಲ. ಅಷ್ಟೂ ಹೊಲಸನ್ನ ನಾನೇ ಕೈಯಾರೆ ತೆಗೆದಿದೀನಿ. ತಳದವರೆಗೆ."

ಕೆಲವರು ತಲೆ ತಗ್ಗಿಸಿದರು. ಮರ್ಲ್ ಮಾತ್ರ ಎದ್ದು ನಿಂತಳು. ಬಿರಡೆಯನ್ನು ಕುರ್ಚಿಯ ಮೇಲಿಟ್ಟು, ಪೀಠದ ಬಳಿ ಬಂದು, ಕಾರ್ಡಿಗನ್ನಿನ ತೋಳನ್ನು ಭುಜದವರೆಗೆ ಮಡಚಿದಳು. ಒಣಗಿದ ಕಡ್ಡಿಯಂಥ ತೋಳು. ಅದನ್ನು ಫಿರಂಗಿಯ ಬಾಯಿಗೆ ಹಾಕಿದಳು. ಮೊಣಕೈ ಹತ್ತಿರ ತೋಳು ನಿಂತಿತು. ಮತ್ತೆ ಒತ್ತಿದಳು. ಮತ್ತೆ ನಿಂತಿತು.

"ಡೀನ್, ನಿನ್ನ ಕೈ ಹಾಕಿ ನೋಡು," ಅಂದಳು. ಡೀನ್ ಕೋಟಿನ ತೋಳೆಳೆದುಕೊಂಡು ಕೈ ಹಾಕಿದ, ಅಲ್ಲೇ ತಡವರಿಸಿದ, ತೆಗೆದು ಬೆರಳು ನೋಡಿಕೊಂಡ. ಬ್ಯಾಂಡು ನಿಂತಿತ್ತು. ಮರ್ಲ್ ಅವನಿಗೆ ಹೇಳಿದಳು, ಆದರೆ ಮೈಕು ಟ್ರೆಗೆಂಜಾನ ಕೈಯಲ್ಲಿ ಇನ್ನೂ ತೆರೆದೇ ಇದ್ದುದರಿಂದ ದಂಡೆಗೆಲ್ಲ ಕೇಳಿಸಿತು. ಕ್ಲಾರಿಗೆ ಜೀವಮಾನವೆಲ್ಲ ನೀರೇ ಸಾಕಾಗಿ ಹೋಗಿತ್ತಂತೆ. ಸತ್ತ ಮೇಲೆ ನನ್ನ ಬೂದಿಯನ್ನ ಸಮುದ್ರಕ್ಕೆ ಮಾತ್ರ ಹಾಕಬೇಡ ಅಂದಿದ್ದನಂತೆ. ಅವನು ಅವಳನ್ನು ಮದುವೆಗೆ ಕೇಳಿದ್ದು ಈ ಫಿರಂಗಿಯ ಮೇಲೆ ಕೂತು. ಅದಕ್ಕೇ ಅವಳ ಅಕ್ಕನ ಮಗ, ಪ್ಲಂಬರು, ಕ್ಲಾರಿಯ ಬೂದಿಯನ್ನು ತಾಮ್ರದ ಕೊಳವೆಯಲ್ಲಿಟ್ಟು, ಎರಡೂ ತುದಿ ಬೆಸೆದು, ನಳಿಗೆಯ ತಳಕ್ಕೆ ಅಂಟಿಸಿಕೊಟ್ಟಿದ್ದ. ತೋಳು ಭುಜದವರೆಗೆ ಹೋದರೆ ಬೆರಳ ತುದಿಗೆ ಕ್ಲಾರಿ ಸಿಗುತ್ತಿದ್ದ. "ಹಾಳು ಹುಡುಗರು ಕೈ ಹಾಕಿ ಕಿತ್ತಾರು ಅಂತ ಮುಂದೆ ಕೊಳೆತ ಸ್ಕ್ವಿಡ್ಡು, ಡೈಪರು ಎಲ್ಲ ತುರುಕ್ತಾ ಇದ್ದೋಳು ನಾನೇ," ಅಂದಳು ಮರ್ಲ್, ತೋಳನ್ನು ನಿಧಾನವಾಗಿ ಇಳಿಸಿಕೊಳ್ಳುತ್ತ. ಆಮೇಲೆ ಟ್ರೆಗೆಂಜಾನ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ಕ್ಯಾಂಟೀನಿನ ಕಿಟಕಿಯಲ್ಲಿ ಮಕ್ಕಳನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದಳು: "ನೀನು ಒಳಗೆ ಕೈ ಹಾಕಲೇ ಇಲ್ಲ ಅಲ್ವೇನಪ್ಪ?"